ಮೂರನೆಯ ದಿನದ ಮಂಪರು

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಅದಕ್ಕಿಂತ ದೊಡ್ಡ ಹಬ್ಬ ಬೇರೊಂದಿಲ್ಲ. ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ದಿನ ತುಂಬಿ, ಯಾವ ತೊಡಕೂ ಇಲ್ಲದೆ ಹೆರಿಗೆಯಾಗಿದೆ. ಕೂಸು ಮೂರು ಕಿಲೋ ತೂಗಿದೆ. ಹುಟ್ಟಿದೊಡನೆ ಗಟ್ಟಿಯಾಗಿ ಅತ್ತಿದೆ. ಮೊಲೆಗೆ ಹಚ್ಚಿದ ಕೂಡಲೆ ಚೆನ್ನಾಗಿ ಚೀಪಿದೆ. ಅಜ್ಜಿಯು ನೆರೆಹೊರೆಯವರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಾಳೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಕೂಸು ತುಸು ಮಂಕಾದಂತೆ ತೋರುತ್ತದೆ. "ಎಷ್ಟು ಶಾಂತ ಕೂಸು, ಅಳುವುದೇ ಇಲ್ಲವಲ್ಲ!" ಎಂದು ನೋಡಲು ಬಂದವರು ಮೆಚ್ಚಿ ಹೋಗುತ್ತಾರೆ. ಮೂರನೆಯ ದಿನ ಹಾಲು ಕುಡಿಸಲು ಎಬ್ಬಿಸಿದರೂ ಅದು ಏಳುವುದಿಲ್ಲ. ಕುಡಿದ ಎರಡು ಗುಟುಕನ್ನೂ ಕಾರಿಕೊಳ್ಳುತ್ತದೆ. ಉಸಿರು ಬಿರುಸಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಅಂಗಾಂಗಗಳು ಜೋಲು ಬೀಳುತ್ತವೆ. ಆಸ್ಪತ್ರೆಗೆ ಒಯ್ದರೆ ರಕ್ತಕ್ಕೆ ನಂಜೇರಿದೆ ಎಂದು ಚಿಕಿತ್ಸೆ ಆರಂಭವಾಗುತ್ತದೆ. ಐದನೆಯ ದಿನ ತೊಟ್ಟಿಲು ಬರಿದಾಗುತ್ತದೆ.

ಎರಡು ವರ್ಷಗಳ ನಂತರ ಅದೇ ತಾಯಿಗೆ ಮತ್ತೊಂದು ಕೂಸು ಹುಟ್ಟಿ, ಅದೂ ಅದೇ ಬಗೆಯಲ್ಲಿ, ಅದೇ ದಿನಗಳ ಲೆಕ್ಕದಲ್ಲಿ ಕಣ್ಮುಚ್ಚಿದರೆ ಮನೆಯವರು ಏನೆನ್ನಬೇಕು? ಬಾಲಗ್ರಹವೆನ್ನುತ್ತಾರೆ, ದೃಷ್ಟಿಯೆನ್ನುತ್ತಾರೆ, ಕೊನೆಗೆ ಆ ತಾಯಿಯ ಕಾಲ್ಗುಣವೆನ್ನುತ್ತಾರೆ. ಇಂತಹ ಎಲ್ಲ ಸಾವುಗಳಿಗೂ ಒಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಅವುಗಳಲ್ಲಿ ಕೆಲವಕ್ಕೆ ವೈದ್ಯಶಾಸ್ತ್ರವು ಬಲ್ಲ ಒಂದು ನಿಶ್ಚಿತ ಕಾರಣವಿದೆ. ಅದನ್ನು ಸಂಶಯಿಸಲು ಒಂದೇ ಒಂದು ರಕ್ತಪರೀಕ್ಷೆ ಸಾಕು. ಆ ಪರೀಕ್ಷೆಯನ್ನು ಮಾಡಿಸಬೇಕೆಂಬ ನೆನಪು ಸಕಾಲದಲ್ಲಿ ಯಾರಿಗಾದರೂ ಬಂದರೆ ಒಂದು ಜೀವ ಉಳಿಯಬಹುದು. ಈ ಲೇಖನದ ಉದ್ದೇಶ ಅಷ್ಟೇ.

ಯಕೃತ್ತಿನ ಒಳಗಿನ ಗಾಣ

ನಾವು ತಿನ್ನುವ ಬೇಳೆಕಾಳು, ಕುಡಿಯುವ ಹಾಲು, ಮೊಸರು ಇವುಗಳಲ್ಲಿ ಪ್ರೋಟೀನು ಇರುತ್ತದೆ. ದೇಹವು ಅದನ್ನು ಒಡೆದು ತನಗೆ ಬೇಕಾದಷ್ಟನ್ನು ಉಪಯೋಗಿಸಿಕೊಂಡ ಮೇಲೆ ಉಳಿದ ಭಾಗದಿಂದ ಸಾರಜನಕವು ಅಮೋನಿಯಾ ರೂಪದಲ್ಲಿ ಹೊರಬೀಳುತ್ತದೆ. ಅಮೋನಿಯಾ ಮಿದುಳಿಗೆ ವಿಷ. ಆರೋಗ್ಯವಂತರ ಯಕೃತ್ತು ಈ ವಿಷವನ್ನು ಕ್ಷಣಕ್ಷಣವೂ ಹಿಡಿದು, ನಿರಪಾಯಕಾರಿಯಾದ ಯೂರಿಯಾ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಯೂರಿಯಾ ರಕ್ತದಲ್ಲಿ ಕರಗಿ, ಮೂತ್ರಪಿಂಡಗಳ ಮೂಲಕ ಮೂತ್ರದಲ್ಲಿ ಹೊರಟುಹೋಗುತ್ತದೆ. ಹೊಲಕ್ಕೆ ಎರಚುವ ಯೂರಿಯಾ ಗೊಬ್ಬರವೂ ರಾಸಾಯನಿಕವಾಗಿ ಇದೇ ವಸ್ತುವೆಂಬುದು ನಮ್ಮ ರೈತಬಾಂಧವರಿಗೆ ಸೋಜಿಗವೆನಿಸೀತು.

ಯಕೃತ್ತು ಈ ಕೆಲಸವನ್ನು ಹೇಗೆ ಮಾಡುತ್ತದೆಂಬುದನ್ನು 1932ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಹಾನ್ಸ್ ಕ್ರೆಬ್ಸ್ ಎಂಬ ತರುಣ ವೈದ್ಯರೂ ಕುರ್ಟ್ ಹೆನ್ಸೆಲೈಟ್ ಎಂಬ ವಿದ್ಯಾರ್ಥಿಯೂ ಸೇರಿ ಕಂಡುಹಿಡಿದರು. ಯಕೃತ್ತಿನ ತೆಳುವಾದ ಹೋಳುಗಳನ್ನು ಇಟ್ಟುಕೊಂಡು ಪ್ರಯೋಗ ನಡೆಸುತ್ತಿದ್ದ ಅವರಿಗೆ ಆರ್ನಿಥೀನ್ ಎಂಬ ವಸ್ತುವನ್ನು ಸ್ವಲ್ಪವೇ ಬೆರೆಸಿದರೂ ಯೂರಿಯಾ ಬಹಳವಾಗಿ ಹುಟ್ಟುವುದು ಕಂಡುಬಂದಿತು. ಆರ್ನಿಥೀನ್ ಖರ್ಚಾಗಿ ಹೋಗುವುದಿಲ್ಲ. ಒಂದು ಸುತ್ತು ತಿರುಗಿ ಮತ್ತೆ ಮೊದಲಿನ ಸ್ಥಾನಕ್ಕೆ ಬರುತ್ತದೆ ಎಂದು ಅವರು ಅರಿತರು. ಗಾಣದ ಎತ್ತು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವಂತೆ! ಇದೇ ಯೂರಿಯಾ ಚಕ್ರ. ಮರುವರ್ಷವೇ ನಾಜಿ ಆಡಳಿತವು ಕ್ರೆಬ್ಸ್ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅವರು ಇಂಗ್ಲೆಂಡಿಗೆ ತೆರಳಿ ಅಲ್ಲಿಯೇ ನೆಲೆಸಿ, 1953ರಲ್ಲಿ ಬೇರೊಂದು ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಈ ಚಕ್ರವು ತಿರುಗಬೇಕಾದರೆ ಆರು ಕಿಣ್ವಗಳು ಸರದಿಯಂತೆ ಕೆಲಸ ಮಾಡಬೇಕು. ಪ್ರತಿಯೊಂದು ಕಿಣ್ವವನ್ನು ತಯಾರಿಸುವ ಸೂಚನೆ ನಮ್ಮ ವಂಶವಾಹಿಗಳಲ್ಲಿ ಬರೆದಿರುತ್ತದೆ. ಅವುಗಳಲ್ಲಿ ಒಂದರಲ್ಲಿ ದೋಷವಿದ್ದರೆ ಆ ಕಿಣ್ವ ಹುಟ್ಟುವುದಿಲ್ಲ, ಅಥವಾ ಹುಟ್ಟಿದರೂ ಕೆಲಸಕ್ಕೆ ಬಾರದಂತಿರುತ್ತದೆ. ಆಗ ಗಾಣ ನಿಲ್ಲುತ್ತದೆ, ಅಮೋನಿಯಾ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಅಮೆರಿಕದಲ್ಲಿ ನಡೆದ ಲೆಕ್ಕಾಚಾರದ ಪ್ರಕಾರ ಸುಮಾರು 35,000 ಜನನಗಳಿಗೆ ಒಂದರಂತೆ ಈ ಬಗೆಯ ರೋಗಗಳು ಕಾಣಿಸಿಕೊಳ್ಳುತ್ತವೆ. ಅಪರೂಪವೆಂಬುದು ನಿಜ; ಆದರೆ ಯಾರ ಮನೆಯಲ್ಲಿ ಬಂದಿತೋ ಅವರಿಗೆ ಅದು ಅಪರೂಪವಲ್ಲ.

ಹುಟ್ಟುವಾಗ ಚೆನ್ನಾಗಿದ್ದುದೇಕೆ?

ಗರ್ಭದಲ್ಲಿ ಒಂಬತ್ತು ತಿಂಗಳು ನೆಮ್ಮದಿಯಿಂದ ಬೆಳೆದ ಕೂಸಿಗೆ ಹುಟ್ಟಿದ ಮೇಲೆ ಏಕೆ ಹೀಗಾಗುತ್ತದೆ ಎಂಬ ಪ್ರಶ್ನೆ ಸಹಜ. ಗರ್ಭದಲ್ಲಿರುವಾಗ ಕೂಸಿನ ಅಮೋನಿಯಾವೆಲ್ಲ ಮಾಸದ ಮೂಲಕ ತಾಯಿಯ ರಕ್ತಕ್ಕೆ ಹೋಗುತ್ತದೆ. ತಾಯಿಯ ಯಕೃತ್ತು ತನ್ನ ಪಾಲಿನ ಕೆಲಸದೊಂದಿಗೆ ಕೂಸಿನ ಪಾಲಿನದನ್ನೂ ಮಾಡಿ ಮುಗಿಸುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಆ ನೆರವು ನಿಲ್ಲುತ್ತದೆ. ಕುಡಿದ ಹಾಲಿನ ಪ್ರೋಟೀನು ಒಂದು ಕಡೆ, ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ಮೈಯಲ್ಲಿಯೇ ಕರಗುವ ಪ್ರೋಟೀನು ಇನ್ನೊಂದು ಕಡೆ, ಇವೆರಡರಿಂದಲೂ ಅಮೋನಿಯಾ ಏರತೊಡಗುತ್ತದೆ. ಆದುದರಿಂದಲೇ ಮೊದಲ 24 ಗಂಟೆಗಳು ಬಹುಮಟ್ಟಿಗೆ ಚೆನ್ನಾಗಿಯೇ ಕಳೆದು, ಎರಡನೆಯ ಮೂರನೆಯ ದಿನಗಳಲ್ಲಿ ಲಕ್ಷಣಗಳು ತಲೆದೋರುತ್ತವೆ.

ಹೆರಿಗೆಯಲ್ಲಿ ಉಸಿರುಕಟ್ಟಿದ ಕೂಸು ಹುಟ್ಟಿದಾಗಿನಿಂದಲೇ ಮಂಕಾಗಿರುತ್ತದೆ. ಇಲ್ಲಿ ಹಾಗಲ್ಲ. ಚೆನ್ನಾಗಿದ್ದು, ಚೆನ್ನಾಗಿ ಹಾಲು ಕುಡಿದು, ಆಮೇಲೆ ಕೆಡುವುದು ಇದರ ರೀತಿ. ಈ ನಡುವಿನ ಒಳ್ಳೆಯ ದಿನವನ್ನು ಮನೆಯವರು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರೋಗನಿದಾನಕ್ಕೆ ಅದು ಮೊದಲ ಸುಳಿವು.

ಯಾವ ಲಕ್ಷಣಗಳನ್ನು ಗಮನಿಸಬೇಕು?

ಮೊದಲನೆಯದು, ಹಾಲು ಕುಡಿಯುವುದರಲ್ಲಿ ಅನಾಸಕ್ತಿ. ಎರಡನೆಯದು, ವಾಂತಿ. ಮೂರನೆಯದು, ಎಬ್ಬಿಸಿದರೂ ಏಳದಂತಹ ಮಂಪರು. ನಾಲ್ಕನೆಯದು, ಬಿರುಸಾದ ಉಸಿರು. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುವುದು ಸಹಜ. 60ನ್ನು ದಾಟಿದರೆ ಎಚ್ಚರ ವಹಿಸಬೇಕು. ಐದನೆಯದು, ಮೈ ತಣ್ಣಗಾಗುವುದು. ಕಡೆಯ ಹಂತದಲ್ಲಿ ಸೆಳವು ಬಂದು, ಕೂಸು ಸಂಪೂರ್ಣ ಪ್ರಜ್ಞೆ ತಪ್ಪುತ್ತದೆ.

ಈ ಲಕ್ಷಣಗಳೆಲ್ಲ ರಕ್ತನಂಜಿನಲ್ಲಿಯೂ ಕಾಣುತ್ತವೆ, ಮತ್ತು ನಮ್ಮ ದೇಶದಲ್ಲಿ ರಕ್ತನಂಜು ಈ ರೋಗಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದುದರಿಂದ ವೈದ್ಯರು ಮೊದಲು ನಂಜನ್ನು ಸಂಶಯಿಸಿ ಔಷಧಿ ಕೊಡುವುದು ತಪ್ಪಲ್ಲ. ಅದು ಅವಶ್ಯವೂ ಹೌದು. ನಂಜಿನ ಚಿಕಿತ್ಸೆ ನಡೆಯುತ್ತಿರುವಾಗಲೇ ಅಮೋನಿಯಾ ಪರೀಕ್ಷೆಯನ್ನೂ ಮಾಡಿಸಬೇಕು. ಒಂದರ ಫಲ ಬರಲೆಂದು ಇನ್ನೊಂದನ್ನು ತಡೆಯಬಾರದು ಎಂಬುದಷ್ಟೇ ನಮ್ಮ ಮಾತು.

ಉಸಿರಾಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಂಜಿನಿಂದ ತೀರ ಬಳಲಿದ ಕೂಸಿನ ರಕ್ತವು ಸಾಮಾನ್ಯವಾಗಿ ಆಮ್ಲೀಯವಾಗುತ್ತದೆ. ಯೂರಿಯಾ ಚಕ್ರದ ದೋಷವಿರುವ ಕೂಸಿನಲ್ಲಿ, ಅಮೋನಿಯಾ ಮಿದುಳಿನ ಉಸಿರಾಟದ ಕೇಂದ್ರವನ್ನು ಕೆರಳಿಸುವುದರಿಂದ ಕೂಸು ಬೇಗಬೇಗನೆ ಉಸಿರುಬಿಟ್ಟು ಇಂಗಾಲಾಮ್ಲವನ್ನು ಹೊರಹಾಕುತ್ತದೆ. ಹೀಗಾಗಿ ಆರಂಭದಲ್ಲಿ ಅದರ ರಕ್ತ ಕ್ಷಾರೀಯವಾಗಿರುತ್ತದೆ. ಎದೆಯ ಕ್ಷಕಿರಣ ಚಿತ್ರದಲ್ಲಿ ನ್ಯುಮೋನಿಯಾ ಇಲ್ಲ, ಆದರೂ ಉಸಿರು ಬಿರುಸು, ರಕ್ತ ಕ್ಷಾರೀಯ, ಕೂಸು ಮಂಪರಿನಲ್ಲಿದೆ ಎಂದಾದರೆ ಅಮೋನಿಯಾವನ್ನು ನೋಡದೆ ಬಿಡಬಾರದು.

ಒಂದು ಹನಿ ರಕ್ತದ ಸಾಕ್ಷಿ

ಪರೀಕ್ಷೆಯೇನೋ ಸರಳ, ಆದರೆ ರಕ್ತವನ್ನು ತೆಗೆಯುವುದರಲ್ಲಿ ಶಿಸ್ತು ಬೇಕು. ತೋಳನ್ನು ಬಿಗಿಯಾಗಿ ಕಟ್ಟದೆ, ಹಿಂಡದೆ, ರಕ್ತನಾಳದಿಂದ ಸರಾಗವಾಗಿ ಬರುವ ರಕ್ತವನ್ನೇ ತೆಗೆಯಬೇಕು. ಅದನ್ನು ಕೂಡಲೆ ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಹಾಗೆಯೇ ಬಿಟ್ಟ ರಕ್ತದಲ್ಲಿ ಅಮೋನಿಯಾ ತಾನಾಗಿಯೇ ಹೆಚ್ಚುತ್ತ ಹೋಗಿ ಸುಳ್ಳು ಫಲಿತಾಂಶ ಬರುತ್ತದೆ. ಆದಕಾರಣ ಊರಿನ ಆಸ್ಪತ್ರೆಯಲ್ಲಿ ಈ ಸೌಲಭ್ಯವಿಲ್ಲದಿದ್ದರೆ ಸೀಸೆಯಲ್ಲಿ ರಕ್ತ ತುಂಬಿ ಬಸ್ಸಿನಲ್ಲಿ ದೂರದ ನಗರಕ್ಕೆ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಕೂಸನ್ನೇ ಬೆಚ್ಚಗೆ ಹೊದಿಸಿ, ಗ್ಲೂಕೋಸ್ ಹನಿ ಹಾಕಿಸಿಕೊಂಡು, ಮುಂಚಿತವಾಗಿ ದೂರವಾಣಿಯ ಮೂಲಕ ತಿಳಿಸಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ದೊಡ್ಡ ಆಸ್ಪತ್ರೆಗೆ ಸಾಗಿಸುವುದೇ ಲೇಸು.

ನವಜಾತ ಶಿಶುವಿನ ರಕ್ತದಲ್ಲಿ ಅಮೋನಿಯಾ ಸಾಮಾನ್ಯವಾಗಿ ಲೀಟರಿಗೆ 100 ಮೈಕ್ರೋಮೋಲ್‌ಗಳ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಕಾಯಿಲೆಯಾದ ಕೂಸಿನಲ್ಲಿ 150ನ್ನು ಮೀರಿದರೆ ಸಂಶಯಪಟ್ಟು, ಕೂಡಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಯೂರಿಯಾ ಚಕ್ರದ ತೀವ್ರ ದೋಷಗಳಲ್ಲಿ ಇದು 500ನ್ನು, ಕೆಲವೊಮ್ಮೆ 1,000ವನ್ನೂ ದಾಟುತ್ತದೆ. ಕೆಲವು ಪ್ರಯೋಗಾಲಯಗಳು ಇದೇ ಅಂಶವನ್ನು ಮೈಕ್ರೋಗ್ರಾಮ್ ಲೆಕ್ಕದಲ್ಲಿ ಬರೆಯುತ್ತವೆ. 100 ಮೈಕ್ರೋಮೋಲ್ ಎಂಬುದು ಅಲ್ಲಿ ಡೆಸಿಲೀಟರಿಗೆ ಸುಮಾರು 170 ಎಂದಾಗುತ್ತದೆ. ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆಗೆ ಒಯ್ಯುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಅಮೋನಿಯಾ ಹೆಚ್ಚಿದೆಯೆಂದು ತಿಳಿದ ಮೇಲೆ, ಚಕ್ರದ ಯಾವ ಹಲ್ಲು ಮುರಿದಿದೆ ಎಂಬುದನ್ನು ಪತ್ತೆಮಾಡಬೇಕು. ಇದಕ್ಕೆ ರಕ್ತದ ಅಮೈನೋ ಆಮ್ಲಗಳ ಪರೀಕ್ಷೆ ನೆರವಾಗುತ್ತದೆ. ಸಿಟ್ರುಲೀನ್ ಎಂಬ ಅಮೈನೋ ಆಮ್ಲ ಈ ಚಕ್ರದ ನಡುವೆ ಹುಟ್ಟುವ ವಸ್ತು. ಅದು ಬಹಳ ಏರಿದ್ದರೆ ತಡೆ ಅದರ ಮುಂದಿದೆ ಎಂದು ಅರ್ಥ. ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ತಡೆ ಅದರ ಹಿಂದಿದೆ. ಕಾಲುವೆಯಲ್ಲಿ ನೀರು ಎಲ್ಲಿ ತುಂಬಿ ನಿಂತಿದೆ, ಎಲ್ಲಿ ಬತ್ತಿದೆ ಎಂಬುದನ್ನು ನೋಡಿ ಒಡ್ಡು ಎಲ್ಲಿದೆಯೆಂದು ರೈತ ಹೇಳುವುದಿಲ್ಲವೇ? ಇದೂ ಹಾಗೆಯೇ. ಸಿಟ್ರುಲೀನ್ ಕಡಿಮೆಯಿದ್ದಾಗ ಮೂತ್ರದಲ್ಲಿ ಓರೋಟಿಕ್ ಆಮ್ಲವನ್ನು ನೋಡುತ್ತಾರೆ. ಅದು ಹೆಚ್ಚಿದ್ದರೆ ಓ.ಟಿ.ಸಿ. ಎಂಬ ಕಿಣ್ವದ ಕೊರತೆ. ಹೆಚ್ಚಿರದಿದ್ದರೆ ಚಕ್ರದ ಮೊದಲ ಮೆಟ್ಟಿಲಿನಲ್ಲಿಯೇ ದೋಷ. ಕೊನೆಯ ತೀರ್ಮಾನವನ್ನು ವಂಶವಾಹಿಯ ಪರೀಕ್ಷೆ ಕೊಡುತ್ತದೆ. ಆದರೆ ಈ ಎಲ್ಲ ವರದಿಗಳು ಬರುವ ತನಕ ಚಿಕಿತ್ಸೆ ಕಾಯಬಾರದು.

ಗಂಟೆಗಳ ಲೆಕ್ಕ

ಅಮೋನಿಯಾ ಏರಿದಾಗ ಮಿದುಳಿನ ಕೋಶಗಳು ಉಬ್ಬಿ ಬಾವು ಬರುತ್ತದೆ. ಈ ಸ್ಥಿತಿ ಎಷ್ಟು ಹೊತ್ತು ಇರುತ್ತದೋ ಅಷ್ಟು ಹಾನಿ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ಬದುಕಿ ಉಳಿದ ಮಕ್ಕಳ ಬುದ್ಧಿಯ ಬೆಳವಣಿಗೆಯು ಅವು ನವಜಾತ ಸ್ಥಿತಿಯಲ್ಲಿ ಪ್ರಜ್ಞೆತಪ್ಪಿದ್ದ ಅವಧಿಯನ್ನು ಅವಲಂಬಿಸಿದೆ ಎಂದು ತೋರಿಸಿಕೊಟ್ಟಿತು. "ಇವತ್ತು ರಾತ್ರಿ ನೋಡೋಣ, ನಾಳೆ ಬೆಳಿಗ್ಗೆ ಹೋದರಾಯಿತು" ಎಂಬ ನಮ್ಮ ಮನೆಮಾತು ಇಲ್ಲಿ ಎಷ್ಟು ದುಬಾರಿ ಎಂಬುದನ್ನು ಇದರಿಂದ ತಿಳಿಯಬಹುದು. ಚುಟಿಗೆ ಕೊಡಿಸುವುದು, ತಾಯತ ಕಟ್ಟಿಸುವುದು ಇತ್ಯಾದಿಗಳಲ್ಲಿ ಕಳೆದ ಗಂಟೆಗಳು ಮರಳಿ ಬರುವಂಥವಲ್ಲ.

ಆಸ್ಪತ್ರೆಯಲ್ಲಿ ಮೊದಲು ಹಾಲನ್ನು ನಿಲ್ಲಿಸಿ, ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಕೊಬ್ಬಿನಾಂಶವನ್ನು ಕೊಡುತ್ತಾರೆ. ಶಕ್ತಿಗೆ ಕೊರತೆಯಾಗದಿದ್ದರೆ ಮೈಯ ಪ್ರೋಟೀನು ಕರಗುವುದು ತಗ್ಗುತ್ತದೆ. ಪ್ರೋಟೀನನ್ನು ಒಂದೆರಡು ದಿನಗಳಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮೈ ತನ್ನನ್ನು ತಾನೇ ತಿನ್ನತೊಡಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಈ ಲೇಖನವನ್ನು ಓದಿದ ಯಾವ ತಾಯಿಯೂ ತಾನಾಗಿ ಮೊಲೆಹಾಲನ್ನು ನಿಲ್ಲಿಸಬಾರದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಆ ದಿನಗಳಲ್ಲಿ ಹಾಲನ್ನು ಹಿಂಡಿ ತೆಗೆಯುತ್ತಿದ್ದರೆ ಮುಂದೆ ಅದೇ ಕೂಸಿಗೆ ಅಳತೆಯಲ್ಲಿ ಕೊಡಲು ಬರುತ್ತದೆ. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 1 ಗ್ರಾಮ್ ಪ್ರೋಟೀನು ಇದ್ದರೆ ಆಕಳ ಹಾಲಿನಲ್ಲಿ ಅದರ ಮೂರು ಪಟ್ಟಿರುತ್ತದೆ. ಎಳೆಗೂಸಿಗೆ ಆಕಳ ಹಾಲನ್ನೋ ಎಮ್ಮೆಯ ಹಾಲನ್ನೋ ಕುಡಿಸುವುದು ಎಷ್ಟು ಅಪಾಯವೆಂಬುದಕ್ಕೆ ಇದೂ ಒಂದು ನಿದರ್ಶನ.

ಎರಡನೆಯದಾಗಿ, ಅಮೋನಿಯಾವನ್ನು ಹೊರಹಾಕಲು ಅಡ್ಡದಾರಿಯೊಂದನ್ನು ತೆರೆಯುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾಲ್ ಬ್ರೂಸಿಲೋ ಮತ್ತು ಅವರ ಸಂಗಡಿಗರು 1979ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಸೋಡಿಯಂ ಬೆಂಜೊಯೇಟ್ ಎಂಬ ಲವಣ ಉಪ್ಪಿನಕಾಯಿ, ಹಣ್ಣಿನ ರಸಗಳು ಕೆಡದಿರಲೆಂದು ಕಾರ್ಖಾನೆಗಳಲ್ಲಿ ಬೆರೆಸುವಂಥದು. ದೇಹದಲ್ಲಿ ಅದು ಗ್ಲೈಸೀನ್ ಎಂಬ ಅಮೈನೋ ಆಮ್ಲದೊಂದಿಗೆ ಕೂಡಿಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ; ಹೋಗುವಾಗ ಸಾರಜನಕವನ್ನೂ ಎತ್ತಿಕೊಂಡು ಹೋಗುತ್ತದೆ. ಫೀನೈಲ್ ಅಸಿಟೇಟ್ ಎಂಬ ಇನ್ನೊಂದು ಲವಣ ಗ್ಲೂಟಮೀನನ್ನು ಹಿಡಿದು ಇದೇ ಕೆಲಸವನ್ನು ಮಾಡುತ್ತದೆ. ಹೆದ್ದಾರಿ ಮುಚ್ಚಿದಾಗ ಹಳ್ಳಿಯ ದಾರಿಯಿಂದ ಬಂಡಿ ಸಾಗಿಸಿದಂತೆ. ಇವು ಮನೆಮದ್ದುಗಳಲ್ಲ, ಪ್ರಮಾಣ ತಪ್ಪಿದರೆ ಇವೂ ವಿಷವಾಗುತ್ತವೆ. ಇವುಗಳ ಜೊತೆಗೆ ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನೂ ಕೊಡುತ್ತಾರೆ. ಆರ್ಜಿನೇಸ್ ಎಂಬ ಕಿಣ್ವದ ಕೊರತೆಯಲ್ಲಿ ಮಾತ್ರ ಅದನ್ನು ಕೊಡುವಂತಿಲ್ಲ. ಅಮೋನಿಯಾ ತೀರ ಹೆಚ್ಚಿದ್ದರೆ, ಔಷಧಿಗೆ ಬಗ್ಗದಿದ್ದರೆ, ಯಂತ್ರದ ಮೂಲಕ ರಕ್ತವನ್ನು ಶುದ್ಧೀಕರಿಸುವ ಡಯಾಲಿಸಿಸ್ ಅನಿವಾರ್ಯ. ಮೂರು ಕಿಲೋ ಕೂಸಿಗೆ ಡಯಾಲಿಸಿಸ್ ಮಾಡಬಲ್ಲ ಆಸ್ಪತ್ರೆಗಳು ಕೆಲವೇ ಇರುವುದರಿಂದ ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಬೇಗನೆ ಆಗಬೇಕು.

ಯಾರ ತಪ್ಪು?

ಈಗ ಮನೆಯೊಳಗಿನ ಮಾತಿಗೆ ಬರೋಣ. ಈ ರೋಗಗಳಲ್ಲಿ ಹೆಚ್ಚಿನವು ತಂದೆತಾಯಿ ಇಬ್ಬರಿಂದಲೂ ಬರುವಂಥವು. ತಂದೆಯಲ್ಲಿ ಒಂದು ದೋಷಯುಕ್ತ ವಂಶವಾಹಿ, ತಾಯಿಯಲ್ಲಿ ಒಂದು. ಜೊತೆಗೆ ಇಬ್ಬರಲ್ಲಿಯೂ ಸರಿಯಾದ ಇನ್ನೊಂದು ಪ್ರತಿ ಇರುವುದರಿಂದ ಅವರು ಆರೋಗ್ಯವಂತರಾಗಿಯೇ ಇರುತ್ತಾರೆ. ಎರಡೂ ದೋಷಗಳು ಒಂದೇ ಕೂಸಿನಲ್ಲಿ ಕೂಡಿದಾಗ ರೋಗ ಬರುತ್ತದೆ. ಪ್ರತಿ ಬಸಿರಿನಲ್ಲಿಯೂ ಇದರ ಸಂಭವ ನಾಲ್ಕರಲ್ಲಿ ಒಂದು. ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ.

ಓ.ಟಿ.ಸಿ. ಕೊರತೆಯ ರೀತಿ ಬೇರೆ. ಇದು ಈ ಗುಂಪಿನಲ್ಲಿಯೇ ಹೆಚ್ಚಾಗಿ ಕಾಣುವ ರೋಗ. ಇದರ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ನಿಭಾಯಿಸುತ್ತದೆ; ಗಂಡಿಗೆ ಇರುವುದು ಒಂದೇ. ವಾಹಕಳಾದ ತಾಯಿಯ ಗಂಡುಮಕ್ಕಳಲ್ಲಿ ಇಬ್ಬರಲ್ಲಿ ಒಬ್ಬನಿಗೆ ರೋಗ ಬರುವ ಸಂಭವವಿದೆ. ಆದುದರಿಂದ ತಾಯಿಯ ತವರಿನಲ್ಲಿ ಎಳೆತನದಲ್ಲಿಯೇ ತೀರಿಕೊಂಡ ಸೋದರಮಾವಂದಿರ ನೆನಪು ಅಜ್ಜಿಯರಲ್ಲಿ ಉಳಿದಿದ್ದರೆ ಅದು ವೈದ್ಯರಿಗೆ ಬಹು ಬೆಲೆಯುಳ್ಳ ಮಾಹಿತಿ. ಇದನ್ನು ಕೇಳಿ ಸೊಸೆಯನ್ನು ದೂಷಿಸುವವರಿಗೆ ನಾವು ಹೇಳುವುದಿಷ್ಟೇ: ತನ್ನ ವಂಶವಾಹಿಯನ್ನು ಯಾವ ಹೆಣ್ಣೂ ಆರಿಸಿಕೊಂಡು ಹುಟ್ಟುವುದಿಲ್ಲ. ಕೆಲವು ಕೂಸುಗಳಲ್ಲಿ ಈ ದೋಷ ತಾಯಿಯಿಂದ ಬಾರದೆ ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ.

ವಾಹಕಳಾದ ತಾಯಿಯ ವಿಷಯದಲ್ಲಿಯೂ ಎಚ್ಚರ ಬೇಕು. ಬೇಳೆ, ಮೊಸರು ತಿಂದರೆ ತಲೆಶೂಲೆ, ಓಕರಿಕೆ ಎಂದು ಚಿಕ್ಕಂದಿನಿಂದ ಅವುಗಳನ್ನು ದೂರವಿಡುವ ಹೆಣ್ಣುಮಕ್ಕಳು ಇವರಲ್ಲಿರುತ್ತಾರೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಇಂತಹ ಬಾಣಂತಿಗೆ ಅಮೋನಿಯಾ ಏರಿ, ಮಾತು ತಪ್ಪಿ, ಮಂಪರು ಕವಿಯುವುದುಂಟು. ಅದನ್ನು ಗಾಳಿ ಸೋಕಿತೆಂದೋ ಸನ್ನಿಯೆಂದೋ ಭಾವಿಸದೆ ಆಕೆಯ ಅಮೋನಿಯಾವನ್ನೂ ಪರೀಕ್ಷಿಸಬೇಕು.

ಸಂಬಂಧದೊಳಗಿನ ಮದುವೆಗಳ ಮಾತನ್ನು ಇಲ್ಲಿ ಎತ್ತದೆ ಗತ್ಯಂತರವಿಲ್ಲ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳಲ್ಲಿ ಬೀಗತನ ಬೆಳೆಸುವುದು ನಮ್ಮ ನಾಡಿನ ಹಳೆಯ ವಾಡಿಕೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಿದರು. ಆ ಕಾಲದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ದಂಪತಿಗಳು ರಕ್ತಸಂಬಂಧಿಗಳೆಂದು ಕಂಡುಬಂದಿತು. ಒಂದೇ ಅಜ್ಜನಿಂದ ಇಳಿದುಬಂದ ದೋಷವು ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವ ಇಂತಹ ಮದುವೆಗಳಲ್ಲಿ ಹೆಚ್ಚು. ಹಾಗೆಂದು ಹೊರಗಿನ ಸಂಬಂಧ ಮಾಡಿದವರಿಗೆ ಈ ರೋಗ ಬರುವುದೇ ಇಲ್ಲವೆಂದಲ್ಲ; ಓ.ಟಿ.ಸಿ. ಕೊರತೆಗಂತೂ ಸಂಬಂಧದ ಮದುವೆ ಕಾರಣವೇ ಅಲ್ಲ. ಆದರೆ ಒಂದು ಮನೆತನದಲ್ಲಿ ಹೀಗೆ ಕೂಸುಗಳು ತೀರಿಕೊಂಡಿದ್ದರೆ, ಅದೇ ಮನೆತನದೊಳಗೆ ಮತ್ತೆ ಹೆಣ್ಣು ಕೊಟ್ಟು ತರುವ ಮುನ್ನ ವಂಶವಾಹಿ ತಜ್ಞರ ಸಲಹೆ ಪಡೆಯುವುದು ಹಿರಿಯರ ಕರ್ತವ್ಯ.

ಕೂಸನ್ನು ಕಳೆದುಕೊಂಡವರಿಗೆ

ಕೂಸು ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ ಗಳಿಗೆಯಲ್ಲಿ ಪರೀಕ್ಷೆಯ ಮಾತನ್ನು ಯಾರು ಆಡಿಯಾರು? ಆದರೂ ಮನೆಯಲ್ಲಿ ಒಬ್ಬ ಗಟ್ಟಿ ಮನಸ್ಸಿನವರು ಆ ಮಾತನ್ನು ಆಡಬೇಕು. ಕೂಸನ್ನು ಮಣ್ಣಿಗೆ ಒಪ್ಪಿಸುವ ಮುನ್ನ, ಸಾಧ್ಯವಾದರೆ ಅದು ಜೀವದಿಂದಿರುವಾಗಲೇ, ಶೋಧಕ ಕಾಗದದ ಮೇಲೆ ಕೆಲವು ಹನಿ ರಕ್ತ, ವಂಶವಾಹಿಯ ಪರೀಕ್ಷೆಗೆ ಸ್ವಲ್ಪ ರಕ್ತ, ಸಾಧ್ಯವಾದಷ್ಟು ಮೂತ್ರ ಇವುಗಳನ್ನು ತೆಗೆದಿರಿಸುವಂತೆ ವೈದ್ಯರನ್ನು ಕೇಳಬೇಕು. ಹೋದ ಕೂಸಿನ ಆ ನಾಲ್ಕು ಹನಿಗಳು ಮುಂದೆ ಹುಟ್ಟುವ ಕೂಸಿಗೆ ರಕ್ಷೆಯಾಗಬಲ್ಲವು. ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ಜೋಪಾನ ಮಾಡಬೇಕು. ನೋವಿನ ನೆನಪೆಂದು ಅವುಗಳನ್ನು ಹರಿದುಹಾಕಬಾರದು.

ದೋಷ ಯಾವುದೆಂದು ಖಚಿತವಾದರೆ ಮುಂದಿನ ಬಸಿರಿನಲ್ಲಿ ಸುಮಾರು 11ನೆಯ ವಾರದಲ್ಲಿ ಮಾಸದ ಚೂರಿನಿಂದ, ಇಲ್ಲವೆ 16ನೆಯ ವಾರದ ಹೊತ್ತಿಗೆ ಗರ್ಭಜಲದಿಂದ ಪರೀಕ್ಷೆ ಮಾಡಿಸಬಹುದು. ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯು ಆನುವಂಶಿಕ ರೋಗಗಳ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶವಿತ್ತಿದೆ. ಈ ಪರೀಕ್ಷೆ ಬೇಡವೆನ್ನುವ ದಂಪತಿಗಳಿಗೂ ದಾರಿಯಿದೆ. ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ಮಾಡಿಸಿ, ಕೂಸು ಹುಟ್ಟಿದ ಗಳಿಗೆಯಿಂದಲೇ ಅಮೋನಿಯಾವನ್ನು ನೋಡುತ್ತ, ಮಂಪರು ಕವಿಯುವ ಮೊದಲೇ ಚಿಕಿತ್ಸೆ ಆರಂಭಿಸಬಹುದು.

ಹಿಮ್ಮಡಿಯಿಂದ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಮಾಡುವ ನವಜಾತ ಶಿಶುಗಳ ಸಾಮೂಹಿಕ ತಪಾಸಣೆ ನಗರಗಳ ಅನೇಕ ಆಸ್ಪತ್ರೆಗಳಲ್ಲಿ ಲಭ್ಯವಿದೆ. ಸಿಟ್ರುಲೀನ್ ಏರುವ ದೋಷಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಓ.ಟಿ.ಸಿ. ಕೊರತೆಯೂ ಚಕ್ರದ ಮೊದಲ ಮೆಟ್ಟಿಲಿನ ದೋಷವೂ ಅದರ ಕಣ್ಣು ತಪ್ಪಿಸಿಕೊಳ್ಳಬಹುದು. ಮೇಲಾಗಿ ವರದಿ ಬರುವ ಮೊದಲೇ ಕೂಸು ಕಾಯಿಲೆ ಬೀಳಬಹುದು. ಆದುದರಿಂದ ತಪಾಸಣೆಯಾಗಿದೆ, ಎಲ್ಲ ಸರಿಯಿದೆ ಎಂಬ ಕಾಗದ ಕೈಯಲ್ಲಿದ್ದರೂ ಮಂಪರಿನಲ್ಲಿರುವ ಕೂಸನ್ನು ಅಲಕ್ಷಿಸುವಂತಿಲ್ಲ.

ಬದುಕಿ ಉಳಿದ ಮೇಲೆ

ಉಳಿದ ಮಗುವಿನ ಪಾಲನೆ ಸುಲಭವೆಂದು ನಾವು ಹೇಳಲಾರೆವು. ಪ್ರೋಟೀನನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಕೊಡಬೇಕು, ನಿತ್ಯ ಔಷಧಿ ತಪ್ಪಬಾರದು. ಜ್ವರ, ವಾಂತಿ, ಉಪವಾಸ ಇವು ಬಂದ ದಿನ ಮತ್ತೆ ಅಮೋನಿಯಾ ಏರಬಹುದಾದ್ದರಿಂದ ಕೂಡಲೆ ಆಸ್ಪತ್ರೆಗೆ ಧಾವಿಸಬೇಕು. ನಮ್ಮದು ಶಾಕಾಹಾರ, ಆದುದರಿಂದ ಭಯವಿಲ್ಲವೆಂದು ಭಾವಿಸುವುದು ತಪ್ಪು. ಹಾಲು, ಬೇಳೆ, ಕಡಲೆಗಳಲ್ಲಿಯೂ ಪ್ರೋಟೀನು ಸಾಕಷ್ಟಿದೆ. ತೀವ್ರ ದೋಷಗಳಿಗೆ ಯಕೃತ್ತಿನ ಕಸಿ ಉತ್ತಮ ಪರಿಹಾರ. ಹೊಸ ಯಕೃತ್ತಿನಲ್ಲಿ ಚಕ್ರ ಪೂರ್ತಿಯಾಗಿ ತಿರುಗುವುದರಿಂದ ಅಮೋನಿಯಾದ ಭಯ ನೀಗುತ್ತದೆ. ಆದರೆ ಅದಕ್ಕೂ ಮೊದಲು ಮಿದುಳಿಗೆ ಆದ ಹಾನಿಯನ್ನು ಯಾವ ಕಸಿಯೂ ತಿದ್ದಲಾರದು.

ಖರ್ಚಿನ ಚಿಂತೆ ಎಲ್ಲರದು. ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಯೂರಿಯಾ ಚಕ್ರದ ದೋಷಗಳನ್ನು ಸೇರಿಸಲಾಗಿದೆ. ನಿಗದಿತ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವ ರೋಗಿಗೆ ದೊರೆಯುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಮಾನವ ವಂಶವಾಹಿ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಸೇರಿ ಇಂತಹ ಕೇಂದ್ರವಾಗಿ ಕೆಲಸ ಮಾಡುತ್ತಿವೆ.

ದೋಷವನ್ನೇ ತಿದ್ದುವ ಪ್ರಯತ್ನದ ಕತೆಯಲ್ಲಿ ನೋವೂ ಇದೆ, ಭರವಸೆಯೂ ಇದೆ. 1999ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಓ.ಟಿ.ಸಿ. ಕೊರತೆಯಿದ್ದ 18 ವರ್ಷದ ತರುಣನೊಬ್ಬ ವಂಶವಾಹಿ ಚಿಕಿತ್ಸೆಯ ಪ್ರಯೋಗಕ್ಕೆ ತಾನಾಗಿ ಮುಂದೆ ಬಂದು ಪ್ರಾಣ ತೆತ್ತ. ಇಡೀ ಕ್ಷೇತ್ರವೇ ಬೆಚ್ಚಿ ಹಿಂದೆ ಸರಿಯಿತು. ಅದೇ ಫಿಲಡೆಲ್ಫಿಯಾದಲ್ಲಿ 2025ರಲ್ಲಿ, ಚಕ್ರದ ಮೊದಲ ಕಿಣ್ವವೇ ಇಲ್ಲದೆ ಹುಟ್ಟಿದ ಒಂದು ಗಂಡುಕೂಸಿಗೆ, ಅದರ ದೋಷಕ್ಕೆಂದೇ ಆರು ತಿಂಗಳಲ್ಲಿ ತಯಾರಿಸಿದ ವಂಶವಾಹಿ ತಿದ್ದುವ ಔಷಧಿಯನ್ನು ಕೊಡಲಾಯಿತು. ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಭಾರತೀಯ ಮೂಲದ ಕಿರಣ್ ಮುಸುನೂರು ಈ ತಂಡದ ಮುಂದಾಳುಗಳು. ಕೂಸು ಹೆಚ್ಚು ಪ್ರೋಟೀನನ್ನು ತಾಳಿಕೊಂಡಿತು, ಅದರ ಔಷಧಿಯ ಪ್ರಮಾಣವನ್ನು ತಗ್ಗಿಸಲು ಸಾಧ್ಯವಾಯಿತು, ಅದು ಮನೆಗೂ ಹೋಯಿತು. ಇದು ಎಲ್ಲರಿಗೂ ದೊರೆಯುವ ಚಿಕಿತ್ಸೆಯಾಗಲು ಇನ್ನೂ ಬಹುದೂರ ಸಾಗಬೇಕು. ಆದರೆ ಓದುಗರು ಒಂದನ್ನು ಗಮನಿಸಬೇಕು: ಹುಟ್ಟಿದ ಮೊದಲ ದಿನಗಳಲ್ಲಿಯೇ ಆ ಕೂಸಿನ ಮಂಪರನ್ನು ಕಂಡು ಅಮೋನಿಯಾ ಪರೀಕ್ಷೆ ಮಾಡಿಸದಿದ್ದರೆ, ಆ ಮಹಾ ಔಷಧಿಯನ್ನು ಕೊಡಲು ಕೂಸೇ ಇರುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಬಾಣಂತಿತನವನ್ನು ನೋಡಿಕೊಳ್ಳುವವರು ಅಜ್ಜಿಯರು, ಅತ್ತೆಯರು, ಅಕ್ಕಂದಿರು. ಕೂಸಿನ ಅಳುವಿನ ಬಗೆಗಳನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಅವರಲ್ಲಿ ನಮ್ಮ ವಿನಂತಿ ಇದು. ನಿನ್ನೆ ಚೆನ್ನಾಗಿ ಹಾಲು ಕುಡಿದ ಕೂಸು ಇಂದು ಕುಡಿಯಲು ಏಳುವುದಿಲ್ಲವೆಂದರೆ ಅದನ್ನು ಶಾಂತ ಸ್ವಭಾವವೆಂದು ಹೊಗಳಬೇಡಿ. ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ನಂಜಿನ ಚಿಕಿತ್ಸೆ ನಡೆಯುವಾಗಲೇ, "ಕೂಸಿನ ರಕ್ತದಲ್ಲಿ ಅಮೋನಿಯಾ ನೋಡಿದಿರಾ, ಡಾಕ್ಟರೇ?" ಎಂದು ಸಂಕೋಚವಿಲ್ಲದೆ ಕೇಳಿರಿ. ಹಿಂದೆ ಮನೆಯಲ್ಲಿ ಹೀಗೆ ಕೂಸು ಹೋಗಿದ್ದರೆ ಅದನ್ನು ಮುಚ್ಚಿಡದೆ ಹೇಳಿರಿ. ಕೂಸನ್ನು ಕಳೆದುಕೊಂಡ ತಾಯಿ ನಿಮ್ಮ ಮನೆಯಲ್ಲಿದ್ದರೆ, ತಪ್ಪು ಆಕೆಯದಲ್ಲವೆಂಬುದನ್ನು ಇಂದೇ ಆಕೆಗೆ ತಿಳಿಸಿರಿ.